ಡೆಮೆರಾರಾದ ಮರದ ಭಟ್ಟಿ

ಭಟ್ಟಿಯ ವಿಷಯವು ಸಂಸಾರಸ್ಥರು ಓದುವ ಪತ್ರಿಕೆಯಲ್ಲಿ ಬರತಕ್ಕದ್ದೇ ಎಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಏಳದೆ ಇರಲಿಲ್ಲ. ನಾವು ಮದ್ಯವನ್ನು ಮುಟ್ಟುವವರಲ್ಲ. ಮುಟ್ಟಬೇಕೆಂದು ಯಾರಿಗೂ ಹೇಳುವವರೂ ಅಲ್ಲ. ಆದರೂ ನಮ್ಮ ಬೀರುವಿನೊಳಗಿನ ಟಿಂಕ್ಚರಿನ ಸೀಸೆ, ಹೋಮಿಯೋಪತಿಯ ಹನಿ, ಮದುವೆಮನೆಯಲ್ಲಿ ಚಿಮುಕಿಸುವ ಸೆಂಟು, ೨೦೨೦ರ ಮಹಾಮಾರಿಯ ಕಾಲದಲ್ಲಿ ಊರಿಗೆ ಊರೇ ಅಂಗೈಗೆ ಸುರಿದುಕೊಂಡ ಆ ತಣ್ಣನೆಯ ದ್ರವ, ಇವೆಲ್ಲದರೊಳಗಿನ ಮದ್ಯಸಾರವು ಬಹುಮಟ್ಟಿಗೆ ಒಂದೇ ಬಗೆಯ ಯಂತ್ರದಿಂದ ಇಳಿದು ಬಂದದ್ದು. ಆ ಯಂತ್ರದ ಹೆಸರು ಸ್ತಂಭಭಟ್ಟಿ. ಅದರ ಹಳೆಯ ಮಾದರಿಯೊಂದು, ಲೋಹದಿಂದಲ್ಲದೆ ಮರದಿಂದ ಕಟ್ಟಿದ್ದು, ಇಂದಿಗೂ ಕೆಲಸಮಾಡುತ್ತಿದೆಯೆಂದು ಕೇಳಿದ್ದೆವು. ದಕ್ಷಿಣ ಅಮೆರಿಕದ ಗಯಾನಾ ದೇಶಕ್ಕೆ ಹೋಗುವ ಸಂದರ್ಭ ಬಂದಾಗ ಅದನ್ನು ನೋಡದೆ ಬರಬಾರದೆಂದು ನಿಶ್ಚಯಿಸಿದೆವು.

ಗಯಾನಾ ಎಂದರೆ ನಮ್ಮವರಲ್ಲಿ ಅನೇಕರಿಗೆ ಕ್ರಿಕೆಟ್ಟಿನ ನೆನಪು ಮಾತ್ರ. ರೋಹನ್ ಕನ್ಹಾಯ್ ಆ ದೇಶದವರು. ಆದರೆ ವಿಮಾನವು ಇಳಿಯುತ್ತಿರುವಾಗ ಕೆಳಗೆ ಕಾಣುವ ದೇಶವೇ ಬೇರೆ: ಕಣ್ಣು ಹರಿಯುವಷ್ಟು ದೂರ ಕಾಡು, ಕೆಂಪು ಕಂದುಬಣ್ಣದ ಮಹಾನದಿಗಳು, ಸಮುದ್ರದಂಚಿಗೆ ಬಂದಮೇಲೆ ಗೆರೆ ಎಳೆದಂತೆ ಕಾಲುವೆಗಳು. ಈ ಕರಾವಳಿಯ ಬಹುಭಾಗವು ಸಮುದ್ರದ ಭರತದ ಮಟ್ಟಕ್ಕಿಂತಲೂ ಕೆಳಗಿರುವುದು. ಮೊದಲು ಬಂದ ಡಚ್ಚರು ತಮ್ಮ ನಾಡಿನ ವಿದ್ಯೆಯನ್ನು ಇಲ್ಲಿಗೆ ತಂದು, ಒಡ್ಡು ಕಟ್ಟಿ, ತೂಬು ಇಟ್ಟು, ಕೆಸರಿನಿಂದ ಹೊಲವನ್ನು ಬಿಡಿಸಿಕೊಂಡರು. ಅಗೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಎಸ್ಸೆಕ್ವಿಬೊ, ಡೆಮೆರಾರಾ, ಬರ್ಬೀಸ್ ಎಂಬ ಮೂರು ವಸಾಹತುಗಳು ೧೮೧೪ರಲ್ಲಿ ಬ್ರಿಟಿಷರ ಪಾಲಾಗಿ, ೧೮೩೧ರಲ್ಲಿ ಒಂದಾದುವು, ೧೯೬೬ರಲ್ಲಿ ಸ್ವತಂತ್ರವಾದುವು. ರಾಜಧಾನಿ ಜಾರ್ಜ್‌ಟೌನಿನಲ್ಲಿ ಹಳೆಯ ಮನೆಗಳೆಲ್ಲ ಮರದವು, ಕಂಬಗಳ ಮೇಲೆ ನಿಂತವು. ಅಲ್ಲಿಯ ದೊಡ್ಡ ಇಗರ್ಜಿಯೂ ಮರದ್ದೇ. ಬೆಳಗ್ಗೆ ಸಮುದ್ರದ ಒಡ್ಡಿನ ಮೇಲೆ ತಿರುಗಾಡುತ್ತಿದ್ದರೆ ಒಂದು ಕಡೆ ಮಣ್ಣುಬಣ್ಣದ ಅಲೆ, ಇನ್ನೊಂದು ಕಡೆ, ಅಲೆಗಿಂತ ತಗ್ಗಿನಲ್ಲಿ, ಪಟ್ಟಣ. ಮೊದಲ ದಿನ ಇದು ಮನಸ್ಸಿಗೆ ಅಷ್ಟು ಹಿತವಾಗಲಿಲ್ಲ. ಎರಡನೆಯ ದಿನಕ್ಕೆ ಅಭ್ಯಾಸವಾಯಿತು.

ಡೆಮೆರಾರಾ ನದಿಯ ಪೂರ್ವದಂಡೆಯ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ, ಹತ್ತು ಮೈಲಿಯೊಳಗೆ ಡೈಮಂಡ್ ಎಂಬ ಸ್ಥಳ ಸಿಕ್ಕುವುದು. ಹೆಸರು ವಜ್ರವಾದರೂ ಅದು ಹಿಂದೆ ಕಬ್ಬಿನ ಎಸ್ಟೇಟು. ಈಗ ಮನೆಗಳೂ ಅಂಗಡಿಗಳೂ ಒತ್ತಾಗಿ ಬೆಳೆದಿವೆ. ದೇಶದ ಸಮುದ್ರದಾಳದಲ್ಲಿ ೨೦೧೫ರಲ್ಲಿ ಎಣ್ಣೆ ಸಿಕ್ಕಿದ ಮೇಲೆ ಈ ದಾರಿಯಲ್ಲಿ ವಾಹನಗಳ ಸಂದಣಿ ಹೇಳತೀರದು. ಕಾರ್ಖಾನೆಯು ಕಣ್ಣಿಗೆ ಬೀಳುವ ಮುನ್ನವೇ ಮೂಗಿಗೆ ತಿಳಿಯುತ್ತದೆ. ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲಿ ಹಾದುಹೋದವರಿಗೆ ಕಾಕಂಬಿಯ ವಾಸನೆಯ ಪರಿಚಯವಿದ್ದೇ ಇರುತ್ತದೆ. ಅದೇ ವಾಸನೆ, ಅದರ ಜೊತೆಗೆ ದೋಸೆಯ ಹಿಟ್ಟು ಒಂದು ದಿನ ಹೆಚ್ಚಿಗೆ ಹುಳಿಯಾದರೆ ಬರುವ ಘಾಟು. ನಮ್ಮ ಮನೆಯವರು ಸೆರಗನ್ನು ಮೂಗಿಗೆ ಒತ್ತಿಕೊಂಡು, “ಇಷ್ಟು ದೂರ ಬಂದು ಕಡೆಗೆ ಇದನ್ನು ನೋಡಬೇಕಾಯಿತಲ್ಲ” ಎಂದರು.

ನಮ್ಮನ್ನು ಒಳಗೆ ಕರೆದುಕೊಂಡು ಹೋದವರು ವಯಸ್ಸಾದ ಒಬ್ಬ ಕೆಲಸಗಾರರು. ಅವರು ಚಿಕ್ಕಂದಿನಲ್ಲಿ, ಈ ಭಟ್ಟಿಯು ಇನ್ನೂ ಎನ್ಮೋರ್ ಎಂಬ ಎಸ್ಟೇಟಿನಲ್ಲಿ ಇದ್ದಾಗಲೇ, ಅದರ ಮುಂದೆ ಕೆಲಸಕ್ಕೆ ನಿಂತವರು. ಮುಖ ನೋಡಿದರೆ ನಮ್ಮ ಊರಿನ ಯಾವುದೋ ಅಂಗಡಿಯ ಯಜಮಾನರಂತಿದ್ದರು. ಬಾಯಿ ತೆರೆದರೆ ಮಾತ್ರ ಆ ದ್ವೀಪಗಳ ಕಡೆಯ ಒಡಕು ಇಂಗ್ಲಿಷು. ನಮ್ಮ ಮನೆಯವರನ್ನು ಕಂಡೊಡನೆಯೇ ಕೈಮುಗಿದು “ದೀದಿ” ಎಂದರು. ಮೂಗಿನ ಸೆರಗು ಆಗಲೇ ಕೆಳಗಿಳಿಯಿತು.

ಭಟ್ಟಿಯ ಮುಂದೆ ನಿಂತಾಗ ಮೊದಲು ನಮಗೆ ತಿಳಿಯಲೇ ಇಲ್ಲ. ತಾಮ್ರದ ಹಂಡೆ, ಕೊಕ್ಕಿನಂತೆ ಬಾಗಿದ ಕೊಳವೆ, ಇಂಥದೇನಾದರೂ ಇರಬಹುದೆಂದು ನಿರೀಕ್ಷಿಸಿದ್ದೆವು. ಇಲ್ಲಿ ಕಂಡದ್ದು ಎರಡು ಭಾರಿ ಮರದ ಕಪಾಟುಗಳು. ದಪ್ಪ ಹಲಗೆಗಳನ್ನು ಚೌಕಟ್ಟು ಚೌಕಟ್ಟಾಗಿ ಒಂದರ ಮೇಲೊಂದು ಪೇರಿಸಿ, ಮೇಲಿಂದ ಕೆಳತನಕ ಲೋಹದ ಸರಳುಗಳನ್ನು ತೂರಿಸಿ ಬಿಗಿದಿದ್ದಾರೆ. ಕಚೇರಿಯಲ್ಲಿ ಕಾಗದಪತ್ರ ಇಡುವ ಬೀರುವನ್ನು ರಾಕ್ಷಸರು ಮಾಡಿಸಿಕೊಂಡರೆ ಹೀಗಿರಬಹುದು. ಮರವು ಹೊಗೆಯ ಬಣ್ಣಕ್ಕೆ ತಿರುಗಿದೆ. ಮುಟ್ಟಿದರೆ ಬೆಚ್ಚಗಿದೆ, ಆದರೆ ಕೈ ಸುಡುವುದಿಲ್ಲ. ಒಳಗಡೆ ಕುದಿಯುವ ಹಬೆಯಿದೆಯೆಂದು ನಂಬುವುದೇ ಕಷ್ಟ. ಇದನ್ನು ಕಟ್ಟಿದ್ದು ೧೮೮೦ರಲ್ಲಿ ಎಂದು ಕಾರ್ಖಾನೆಯವರು ಹೇಳುತ್ತಾರೆ. ಇಂಥ ಮರದ ಸ್ತಂಭವು ಕೆಲಸಮಾಡುತ್ತ ಉಳಿದಿರುವುದು ಜಗತ್ತಿನಲ್ಲಿ ಇದೊಂದೇ ಎಂದೂ ಹೇಳುತ್ತಾರೆ.

ಇದರ ಒಳಗೇನು ನಡೆಯುತ್ತದೆಂಬುದನ್ನು ನಮ್ಮ ಮಾರ್ಗದರ್ಶಿಗಳು ಕೈಬೀಸಿ ಕೈಬೀಸಿ ವಿವರಿಸಿದರು. ನಮಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಅರ್ಥಮಾಡಿಸಿದವರು ನಮ್ಮ ಮನೆಯವರೇ. “ಇದು ಇಡ್ಲಿಯ ಪಾತ್ರೆಯಲ್ಲವೇ?” ಎಂದುಬಿಟ್ಟರು. ಮಾತು ಕೇಳಿ ನಕ್ಕೆವು; ಆಮೇಲೆ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ.

ಹುದುಗಿಸಿದ ಕಾಕಂಬಿಯ ರಸದಲ್ಲಿ ನೂರಕ್ಕೆ ಆರೆಂಟು ಪಾಲು ಮಾತ್ರ ಮದ್ಯಸಾರ. ಮಿಕ್ಕದ್ದೆಲ್ಲ ನೀರು, ಹುಳಿ, ಮಡ್ಡಿ. ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ, ಮದ್ಯಸಾರ ಕುದಿಯುವುದು ೭೮ ಡಿಗ್ರಿಯ ಸುಮಾರಿನಲ್ಲಿ. ಆದಕಾರಣ ರಸವನ್ನು ಕಾಯಿಸಿದರೆ ಏಳುವ ಆವಿಯಲ್ಲಿ ಮದ್ಯಸಾರದ ಪಾಲು ಹೆಚ್ಚಾಗಿರುವುದು. ಹಂಡೆಯಲ್ಲಿ ಕಾಯಿಸಿ, ಆವಿಯನ್ನು ತಣಿಸಿ ಹಿಡಿದುಕೊಂಡರೆ, ಒಂದು ಸಲಕ್ಕೆ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಪಾಲಿನವರೆಗೆ ಬರುತ್ತದೆ. ಇನ್ನೂ ಬಲವಾಗಬೇಕಾದರೆ ಅದನ್ನೇ ಮತ್ತೆ ಹಂಡೆಗೆ ಸುರಿಯಬೇಕು, ಮತ್ತೆ ಕಾಯಿಸಬೇಕು. ಪ್ರತಿ ಸಲವೂ ಸೌದೆ, ಪ್ರತಿ ಸಲವೂ ಹಂಡೆ ತೊಳೆಯುವ ಕೆಲಸ. ಪುರಾತನ ಕಾಲದಿಂದ ಹೀಗೆಯೇ ನಡೆದುಬಂದಿತ್ತು.

ಈಗ ಇಡ್ಲಿಯ ಪಾತ್ರೆಗೆ ಬರೋಣ. ತೂತಿನ ತಟ್ಟೆಗಳು ಒಂದರ ಮೇಲೊಂದು, ಕೆಳಗಿನಿಂದ ಹಬೆ. ಹಿಟ್ಟಿನ ಬದಲು ಮೇಲಿನ ತಟ್ಟೆಗೆ ಹುದುಗಿದ ರಸವನ್ನು ಸುರಿಯುತ್ತೇವೆಂದು ಇಟ್ಟುಕೊಳ್ಳಿ. ರಸವು ತಟ್ಟೆಯ ಮೇಲೆ ಅಡ್ಡಲಾಗಿ ಹರಿದು, ಅಂಚಿನಲ್ಲಿರುವ ಒಂದು ಇಳಿಗೊಳವೆಯಿಂದ ಕೆಳಗಿನ ತಟ್ಟೆಗೆ ಜಾರುವುದು. ಅಲ್ಲಿ ಎದುರು ದಿಕ್ಕಿಗೆ ಹರಿದು ಮತ್ತೂ ಕೆಳಕ್ಕೆ ಇಳಿಯುವುದು. ತೂತುಗಳ ಮೂಲಕ ಅದು ಸೋರಿಹೋಗುವುದಿಲ್ಲವೇ? ಇಲ್ಲ, ಕೆಳಗಿನಿಂದ ನುಗ್ಗುವ ಹಬೆಯ ಒತ್ತಡವೇ ಅದನ್ನು ಎತ್ತಿ ಹಿಡಿಯುತ್ತದೆ. ಹಬೆಯು ರಸದೊಳಗಿಂದ ಬುಳುಬುಳನೆ ಹಾಯುವಾಗ ತನ್ನ ಕಾವನ್ನು ರಸಕ್ಕೆ ಕೊಟ್ಟು, ರಸದೊಳಗಿನ ಮದ್ಯಸಾರವನ್ನು ಹೊತ್ತುಕೊಂಡು ಮೇಲಿನ ತಟ್ಟೆಗೆ ಹೋಗುವುದು. ಅಲ್ಲಿಯೂ ಅದೇ ವ್ಯಾಪಾರ. ಅಂದಮೇಲೆ ಒಂದೊಂದು ತಟ್ಟೆಯೂ ಒಂದೊಂದು ಪುಟ್ಟ ಭಟ್ಟಿ. ಕೆಳಗಿಳಿದಂತೆ ರಸದ ಮದ್ಯಸಾರ ಕಳೆಯುತ್ತ ಹೋಗಿ, ತಳದಲ್ಲಿ ಬರೀ ಕರಿಯ ಚರಟದ ನೀರು ಹೊರಬೀಳುತ್ತದೆ. ಮೇಲೇರಿದಂತೆ ಆವಿಯು ಬಲವಾಗುತ್ತದೆ. ನಿಲ್ಲಿಸಿ ತೊಳೆದು ಮತ್ತೆ ತುಂಬುವ ಗೋಜಿಲ್ಲ. ಮೇಲಿನಿಂದ ರಸ ಬರುತ್ತಿರುವವರೆಗೆ ಹಗಲೂ ರಾತ್ರಿ ನಡೆಯುತ್ತಲೇ ಇರುವುದು.

ಹಾಗಾದರೆ ಎರಡು ಕಪಾಟು ಏಕೆ? ಇಲ್ಲಿಯೇ ಜಾಣತನವಿರುವುದು. ಮೊದಲನೆಯದು ರಸದಿಂದ ಮದ್ಯಸಾರವನ್ನು ಬಿಡಿಸುವ ಸ್ತಂಭ, ಅನಲೈಸರ್ ಎನ್ನುತ್ತಾರೆ. ಅದರ ತಲೆಯಿಂದ ಹೊರಟ ಆವಿಯನ್ನು ಎರಡನೆಯದಾದ ರೆಕ್ಟಿಫೈಯರ್ ಸ್ತಂಭದ ತಳಕ್ಕೆ ಬಿಡುತ್ತಾರೆ. ಅಲ್ಲಿ ಆ ಆವಿಯನ್ನು ತಣಿಸಬೇಕು. ತಣಿಸಲು ತಣ್ಣೀರು ಬೇಡ. ಇನ್ನೂ ಕಾಯದಿರುವ ಹೊಸ ರಸವನ್ನೇ ಒಂದು ಕೊಳವೆಯಲ್ಲಿ ಮೇಲಿಂದ ಕೆಳಕ್ಕೆ ಅಡ್ಡಂಬಡ್ಡ ಸುತ್ತಿಸಿ ತರುತ್ತಾರೆ. ಆವಿಯು ಕೊಳವೆಗೆ ತಗುಲಿ ತಣಿಯುವುದು, ಕೊಳವೆಯೊಳಗಿನ ರಸವು ಕಾಯುವುದು. ಹೀಗೆ ಪುಕ್ಕಟೆಯಾಗಿ ಕಾದ ರಸವನ್ನು ಮೊದಲನೆಯ ಸ್ತಂಭದ ತಲೆಗೆ ಸುರಿಯುತ್ತಾರೆ. ಒಂದರ ಕಾವು ಇನ್ನೊಂದರ ತಂಪು. ಅನ್ನದ ಗಂಜಿಯನ್ನು ಚೆಲ್ಲದ ಗೃಹಿಣಿಯ ಲೆಕ್ಕಾಚಾರವಿದು. ಎರಡನೆಯ ಸ್ತಂಭದಲ್ಲಿ ಭಾರವಾದ, ನಾತದ ಎಣ್ಣೆಗಳು ಕೆಳಗಿನ ತಟ್ಟೆಗಳಲ್ಲಿ ಹಿಂದುಳಿಯುತ್ತವೆ. ಬಹಳ ಹಗುರಾದ, ಕಣ್ಣು ಉರಿಸುವ ಪದಾರ್ಥಗಳು ನೆತ್ತಿಗೆ ಹೋಗುತ್ತವೆ. ನಡುವೆ, ನೆತ್ತಿಗೆ ಸಮೀಪದಲ್ಲಿ, ಒಂದು ತಟ್ಟೆಯಿಂದ ಬೇಕಾದದ್ದನ್ನು ಹೊರಗೆಳೆಯುತ್ತಾರೆ. ಕೆಳಗುಳಿದದ್ದರಲ್ಲಿ ಇನ್ನೂ ಸಾರವಿದ್ದರೆ ಅದನ್ನು ಮತ್ತೆ ಮೊದಲನೆಯ ಸ್ತಂಭಕ್ಕೆ ಕಳುಹಿಸುತ್ತಾರೆ.

ಹೇಳಲು ಸುಲಭ. ಕಟ್ಟುವಾಗ ಮಾತ್ರ ತೂತಿನ ಅಳತೆ, ತಟ್ಟೆಯ ಅಂತರ, ಇಳಿಗೊಳವೆಯ ಬಾಯಿ ಕೆಳಗಿನ ತಟ್ಟೆಯ ರಸದೊಳಗೆ ಎಷ್ಟು ಮುಳುಗಿರಬೇಕು, ಎಲ್ಲವೂ ಲೆಕ್ಕವೇ. ಆ ಬಾಯಿ ಮುಳುಗಿರದಿದ್ದರೆ ಹಬೆಯು ತೂತುಗಳನ್ನು ಬಿಟ್ಟು ಆ ಅಡ್ಡದಾರಿ ಹಿಡಿಯುವುದು. ನಡೆಸುವಾಗ ಹಬೆಯು ಕಡಮೆಯಾದರೆ ರಸವೆಲ್ಲ ತೂತಿನಲ್ಲಿ ಸುರಿದು, ಮದ್ಯಸಾರವು ಚರಟದ ಜೊತೆ ಚರಂಡಿಗೆ ಹೋಗುವುದು. ಹೆಚ್ಚಾದರೆ ರಸವನ್ನೇ ಮೇಲಕ್ಕೆ ಎತ್ತಿ ಒಯ್ದು ಎಲ್ಲವನ್ನೂ ಕೆಡಿಸುವುದು. “ಗಡಿಯಾರದಂಥ ಮೀಟರುಗಳು ಆಮೇಲೆ ಬಂದುವು. ನನಗೆ ಕಲಿಸಿದವರು ಹಲಗೆಗೆ ಕಿವಿ ಇಡು ಎಂದರು” ಎಂದರು ನಮ್ಮ ಮಾರ್ಗದರ್ಶಿಗಳು. ನಾವೂ ಕಿವಿ ಇಟ್ಟೆವು. ದೂರದಲ್ಲಿ ಮಳೆ ಬರುತ್ತಿರುವಂತೆ ಒಂದೇ ಸಮನೆ ಸದ್ದು.

ಈ ಎರಡು ಸ್ತಂಭದ ಯಂತ್ರಕ್ಕೆ ಅದನ್ನು ರಚಿಸಿದವನ ಹೆಸರೇ ನಿಂತಿದೆ, ಈನಿಯಸ್ ಕಾಫಿ. ನಮ್ಮವರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ಬೇರೆ ಪಾನೀಯ. ಕಾಫಿಯ ಭಟ್ಟಿ ಎಂದರೆ ಚಿಕ್ಕಮಗಳೂರಿನ ವಿಷಯವೇನೋ ಎಂದುಕೊಂಡಾರು. ಈತನು ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದವನು. ಕಳ್ಳಭಟ್ಟಿಗಳನ್ನು ಹುಡುಕಿ ಒಡೆಯುವುದೇ ಆತನ ಕೆಲಸ. ೧೮೧೦ರಲ್ಲಿ ಡೊನೆಗಾಲ್ ಸೀಮೆಯಲ್ಲಿ ಹೀಗೆ ಹೋಗಿದ್ದಾಗ ಊರವರು ಮುತ್ತಿಕೊಂಡು, ತಲೆಬುರುಡೆ ಬಿರಿಯುವಂತೆ ಬಡಿದು, ಬಾಯೊನೆಟ್ಟಿನಿಂದ ತಿವಿದು, ಸತ್ತನೆಂದು ಬಿಟ್ಟುಹೋದರು. ಬದುಕಿಕೊಂಡನು. ೧೮೧೮ರಲ್ಲಿ ಆ ದೇಶದ ಅಬಕಾರಿ ಇಲಾಖೆಗೇ ಮುಖ್ಯ ತನಿಖಾಧಿಕಾರಿಯಾದನು. ಇಪ್ಪತ್ತುನಾಲ್ಕು ವರ್ಷ ಭಟ್ಟಿಗಳನ್ನು ಅಳೆದು, ಮುದ್ರೆಯೊತ್ತಿ, ಒಡೆದು, ಅವುಗಳ ಒಳಗುಟ್ಟೆಲ್ಲ ತಿಳಿದುಕೊಂಡವನು ೧೮೨೪ರಲ್ಲಿ ಕೆಲಸ ಬಿಟ್ಟು ತಾನೇ ಭಟ್ಟಿ ಕಟ್ಟಲು ಕುಳಿತನು. ತಟ್ಟೆಯ ಸ್ತಂಭದ ಕಲ್ಪನೆ ಆತನೊಬ್ಬನದೇ ಅಲ್ಲ. ಫ್ರಾನ್ಸಿನಲ್ಲಿ ಸೆಲ್ಲಿಯೆ ಬ್ಲೂಮೆಂತಾಲ್ ಎಂಬವನು ೧೮೧೩ರಲ್ಲಿಯೇ ಒಂದು ಬಗೆಯನ್ನು ಮಾಡಿದ್ದನು. ಸ್ಕಾಟ್ಲೆಂಡಿನ ರಾಬರ್ಟ್ ಸ್ಟೈನ್ ಕಾಫಿಗಿಂತ ಎರಡು ಮೂರು ವರ್ಷ ಮೊದಲೇ ಬೇರೊಂದಕ್ಕೆ ಸನ್ನದು ಪಡೆದಿದ್ದನು. ಆದರೆ ೧೮೩೦ರಲ್ಲಿ ಕಾಫಿಯು ಸನ್ನದು ಪಡೆದ ರಚನೆಯು ಇವೆಲ್ಲಕ್ಕಿಂತ ಸರಳವಾಗಿ, ಕಡಮೆ ಖರ್ಚಿನಲ್ಲಿ ನಡೆಯುವಂತಿದ್ದಿತು. ಮೊದಲು ಕಬ್ಬಿಣದಿಂದ ಕಟ್ಟಿದಾಗ ರಸದ ಹುಳಿಯು ಕಬ್ಬಿಣವನ್ನು ತಿಂದು ಸಾರಾಯಿಗೆ ಕೆಟ್ಟ ರುಚಿ ಬಂದಿತು. ಆಮೇಲೆ ತಾಮ್ರಕ್ಕೂ ಮರಕ್ಕೂ ತಿರುಗಿದರು. ಇನ್ನೊಂದು ಸಂಗತಿ: ತಲೆಯಿಂದ ತಳದವರೆಗೆ ಮುಚ್ಚಿದ ಯಂತ್ರವಾದ್ದರಿಂದ, ಇಳಿದದ್ದನ್ನೆಲ್ಲ ಬೀಗದೊಳಗೆ ಅಳೆಯುವುದು ಸರ್ಕಾರಕ್ಕೆ ಸುಲಭವಾಯಿತು. ಅಬಕಾರಿಯವನ ಬುದ್ಧಿ ಎಲ್ಲಿ ಹೋದೀತು!

ಸ್ವದೇಶದಲ್ಲಿ ಮಾತ್ರ ಆತನಿಗೆ ಬೆಲೆ ಬರಲಿಲ್ಲ. ಡಬ್ಲಿನ್ನಿನ ದೊಡ್ಡ ಭಟ್ಟಿಯವರು ತಮ್ಮ ಹಂಡೆಗಳನ್ನು ಬಿಡಲಿಲ್ಲ. ಸ್ತಂಭದಿಂದ ಇಳಿದದ್ದು ತೀರ ಶುದ್ಧ, ಅದರಲ್ಲಿ ಧಾನ್ಯದ ರುಚಿಯೇ ಇಲ್ಲ, ಅದನ್ನು ವಿಸ್ಕಿ ಎನ್ನುವುದೇ ಮೋಸ ಎಂಬುದು ಅವರ ವಾದ. ೧೮೭೮ರಲ್ಲಿ ನಾಲ್ಕು ಮನೆತನದವರು ಸೇರಿ ಇದನ್ನು ಹೇಳಲೆಂದೇ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸ್ಕಾಟ್ಲೆಂಡಿನವರು ಸ್ತಂಭದ್ದನ್ನೂ ಹಂಡೆಯದನ್ನೂ ಬೆರಸಿ ಅಗ್ಗವಾಗಿ ಮಾರಿ ಲೋಕವನ್ನೇ ಗೆದ್ದರು. ೧೯೦೯ರಲ್ಲಿ ಬ್ರಿಟಿಷ್ ರಾಜಮನೆಯ ಆಯೋಗವೂ ಎರಡನ್ನೂ ವಿಸ್ಕಿಯೆಂದೇ ಒಪ್ಪಿತು. ಡಬ್ಲಿನ್ನಿನ ಆ ಮನೆಗಳು ಬೇರೆ ಹಲವು ಕಾರಣಗಳೂ ಸೇರಿ ಒಂದೊಂದಾಗಿ ಬಾಗಿಲು ಹಾಕಿದುವು.

ಡೆಮೆರಾರಾದ ಸಕ್ಕರೆಯ ಯಜಮಾನರಿಗೆ ಇಂಥ ಚರ್ಚೆಯ ಅಗತ್ಯವಿರಲಿಲ್ಲ. ಸಕ್ಕರೆ ಮಾಡಿದಷ್ಟೂ ಕಾಕಂಬಿ ಉಳಿಯುತ್ತದೆ. ಅದನ್ನು ದಿನವೂ ತೀರಿಸಬೇಕು. ಹಗಲೂ ರಾತ್ರಿ ಬಿಡದೆ ನುಂಗುವ ಯಂತ್ರ ಬೇಕಾಗಿತ್ತು. ಕಾಫಿಯ ಸ್ತಂಭವು ಹೇಳಿ ಮಾಡಿಸಿದಂತಿತ್ತು. ಮರದಲ್ಲಿ ಕಟ್ಟಿದ ಸ್ತಂಭಗಳು ಇಂಗ್ಲೆಂಡ್ ಸ್ಕಾಟ್ಲೆಂಡುಗಳಲ್ಲಿಯೂ ಇದ್ದುವು. ಆದರೆ ಇಲ್ಲಿಯ ಕಾಡಿನಲ್ಲಿ ಬೆಳೆಯುವ ಗ್ರೀನ್‌ಹಾರ್ಟ್ ಎಂಬ ಮರಕ್ಕೆ ಸಾಟಿಯಾದ ಮರ ಅಲ್ಲಿರಲಿಲ್ಲ. ಇದು ನೀರಿನಲ್ಲಿ ಹಾಕಿದರೆ ಮುಳುಗುವಷ್ಟು ಭಾರ. ಹುಳು ಹಿಡಿಯುವುದಿಲ್ಲ, ಬೇಗ ಕೊಳೆಯುವುದಿಲ್ಲ. ಲಿವರ್‌ಪೂಲಿನ ಬಂದರಿನ ಬಾಗಿಲುಗಳಿಗೆ ಇದನ್ನು ಒಯ್ದರು. ಧ್ರುವದ ಹಿಮಕ್ಕೆ ಹೋದ ನಾನ್ಸೆನ್ನನ ಹಡಗಿಗೆ ಮಂಜುಗಡ್ಡೆ ತಾಗದಂತೆ ಇದನ್ನೇ ಹೊದಿಸಿದರು. ಭಟ್ಟಿಗೆ ಇದು ಇನ್ನೊಂದು ರೀತಿಯಲ್ಲಿ ಅನುಕೂಲ. ಮರವು ಕಾವನ್ನು ಹೊರಗೆ ಬಿಡುವುದಿಲ್ಲ. ಹಬೆಯ ತೇವಕ್ಕೆ ಹಲಗೆಗಳು ಉಬ್ಬಿ, ಸಂದುಗಳು ತಾವೇ ಮುಚ್ಚಿಕೊಳ್ಳುವುವು. ಬಹುದಿನ ನಿಲ್ಲಿಸಿದರೆ ಮಾತ್ರ ಒಣಗಿ ಬಿರಿದು ಸೋರತೊಡಗುವುದು. “ಇದಕ್ಕೆ ರಜಾ ಕೊಡಬಾರದು. ರಜಾ ಕೊಟ್ಟರೆ ಕಾಯಿಲೆ ಬೀಳುತ್ತದೆ” ಎಂದರು ಮಾರ್ಗದರ್ಶಿಗಳು. ಸವೆದ ಹಲಗೆಯನ್ನು ತೆಗೆದು ಹೊಸದನ್ನು ಕೂಡಿಸುವ ಬಡಗಿಗಳಿಲ್ಲದಿದ್ದರೆ ಇದು ಎಂದೋ ಸೌದೆಯಾಗಿ ಹೋಗುತ್ತಿತ್ತು. ಭಟ್ಟಿಯ ಕಾರ್ಖಾನೆಯಲ್ಲಿ ಬಡಗಿಯೇ ವೈದ್ಯನಾಗಿರುವುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಹೊಸ ಲೋಹದ ಸ್ತಂಭಗಳು ಪಕ್ಕದಲ್ಲಿಯೇ ನಿಂತಿವೆ. ಅವು ಎತ್ತರ, ಅವು ಹೊಳಪು, ಅವುಗಳಿಂದ ಇಳಿಯುವ ಸಾರ ಹೆಚ್ಚು ಶುದ್ಧ. ಹಾಗಿದ್ದರೆ ಈ ಮುದುಕನನ್ನು ಏಕೆ ಇಟ್ಟುಕೊಂಡಿದ್ದಾರೆ? ಇದು ಅಷ್ಟು ಶುದ್ಧವಾಗಿ ಮಾಡುವುದಿಲ್ಲವೆಂಬುದಕ್ಕೇ. ಹಳೆಯ ರಚನೆಯಾದ್ದರಿಂದ ಕಾಕಂಬಿಯ ಗಂಧವು ಕೊಂಚ ಉಳಿದುಬಿಡುತ್ತದೆ. ಆ ಉಳಿದದ್ದಕ್ಕೆ ಇಂದು ಬೆಲೆ. ಯಾವ ದೋಷವನ್ನು ಕಳೆಯಲೆಂದು ಕಾಫಿಯು ವರ್ಷಗಟ್ಟಲೆ ಹೆಣಗಿದನೋ, ಅದರಲ್ಲಿ ಆತನ ಕೈತಪ್ಪಿ ಹೋದಷ್ಟು ಪಾಲೇ ಆತನ ಯಂತ್ರವನ್ನು ಈವರೆಗೆ ಉಳಿಸಿದೆ. ಇದೇ ಅಂಗಳದಲ್ಲಿ ಪೋರ್ಟ್ ಮೊರಾಂಟ್, ವರ್ಸೇಲ್ಸ್ ಎಂಬ ಎಸ್ಟೇಟುಗಳಿಂದ ಬಂದ ಮರದ ಹಂಡೆಗಳೂ ಇವೆ. ಒಂದೊಂದು ಎಸ್ಟೇಟಿನ ಭಟ್ಟಿ ಮುಚ್ಚಿದಂತೆಲ್ಲ ಅದರ ಯಂತ್ರವನ್ನು ಬಿಚ್ಚಿ ತಂದು ಇಲ್ಲಿ ಸೇರಿಸಿದ್ದಾರೆ. ಒಂದು ಕಾಲಕ್ಕೆ ಕರಾವಳಿಯ ಉದ್ದಕ್ಕೂ ಹರಡಿದ್ದ ವೃತ್ತಿಯು ಈಗ ಒಂದೇ ಗೋಡೆಯೊಳಗಿದೆ. ಈ ಕಾರ್ಖಾನೆಯನ್ನು ಬಹುಕಾಲ ಮುನ್ನಡೆಸಿದ ಯೇಸು ಪರ್ಸಾದರು ೧೯೨೮ರಲ್ಲಿ ಇದೇ ಡೈಮಂಡ್ ಎಸ್ಟೇಟಿನಲ್ಲಿ, ಭಾರತದಿಂದ ಬಂದ ಕೂಲಿಗಳ ವಂಶದಲ್ಲಿ ಹುಟ್ಟಿದವರು, ೨೦೨೨ರಲ್ಲಿ ತೀರಿಕೊಂಡರು.

ಈ ಕೂಲಿಗಳ ಮಾತನ್ನು ಹೇಳದೆ ಭಟ್ಟಿಯ ಮಾತನ್ನು ಮುಗಿಸಲಾಗದು. ಗುಲಾಮಗಿರಿ ರದ್ದಾದಮೇಲೆ ಕಬ್ಬು ಕಡಿಯಲು ಆಳು ಬೇಕೆಂದು ಎಸ್ಟೇಟಿನ ಯಜಮಾನರು ನಮ್ಮ ದೇಶದ ಕಡೆಗೆ ನೋಡಿದರು. ೧೮೩೮ರ ಮೇ ೫ರಂದು ವಿಟ್ಬಿ, ಹೆಸ್ಪೆರಸ್ ಎಂಬ ಎರಡು ಹಡಗುಗಳು ಕಲಕತ್ತೆಯಿಂದ ಸುಮಾರು ನಾನೂರು ಜನರನ್ನು ತಂದಿಳಿಸಿದುವು. ೧೯೧೭ರವರೆಗೆ ಹೀಗೆ ಬಂದವರು ಎರಡು ಲಕ್ಷ ಮೂವತ್ತೆಂಟು ಸಾವಿರಕ್ಕೂ ಮಿಕ್ಕಿ. ಕರಾರು ಐದು ವರ್ಷದ್ದು. ಬಹುಮಂದಿ ಬಿಹಾರ, ಸಂಯುಕ್ತ ಪ್ರಾಂತಗಳವರು. ಮದ್ರಾಸಿನಲ್ಲಿ ಹಡಗು ಹತ್ತಿದವರೂ ಕೆಲವು ಸಾವಿರವಿದ್ದರು. ಅವರ ವಂಶದವರು ಈಗಲೂ ಮಾರಿಯಮ್ಮನ ಪೂಜೆ ಮಾಡುತ್ತಾರೆ. ಎಲ್ಲಾದರೂ ಒಂದು ಕನ್ನಡದ ಮಾತು ಕಿವಿಗೆ ಬಿದ್ದೀತೆಂದು ಆಸೆಪಟ್ಟೆವು, ಬೀಳಲಿಲ್ಲ. ಆದರೆ ನಮ್ಮ ಮಾರ್ಗದರ್ಶಿಗಳು ತಾತನನ್ನು “ಆಜಾ” ಎಂದೂ ಅವರ ಹೆಂಡತಿಯನ್ನು “ಆಜೀ” ಎಂದೂ ಕರೆದರು. ನಮ್ಮ ಮನೆಯವರು “ನಾವೂ ಅಜ್ಜ ಅಜ್ಜಿ ಎಂದೇ ಹೇಳುವುದು” ಎಂದಾಗ ಅವರ ಮುಖ ಅರಳಿದುದನ್ನು ನೋಡಬೇಕಾಗಿತ್ತು.

ಆ ಸಂತೋಷದಲ್ಲಿಯೇ ಅವರು ತಮ್ಮ ಮನೆಯ ಕಥೆಯನ್ನು ಹೇಳಿದರು. ಅವರ ಆಜಾ ಎನ್ಮೋರಿನಲ್ಲಿ ಕಬ್ಬು ಕಡಿಯುತ್ತಿದ್ದವರು. ಶನಿವಾರ ಕೂಲಿ ಕೈಗೆ ಬಂದರೆ ಮನೆಗೆ ಬರುವ ದಾರಿಯಲ್ಲಿ ರಮ್ಮಿನ ಅಂಗಡಿ. “ಆಜೀ ಅಂಗಡಿಯ ಬಾಗಿಲಲ್ಲೇ ನಿಂತಿರುತ್ತಿದ್ದಳಂತೆ. ಆಜಾ ಒಳಗೆ ಹೋಗುವ ಮುಂಚೆ ಕೈಯಿಂದ ದುಡ್ಡು ಕಿತ್ತುಕೊಂಡರೆ ಆ ವಾರ ಅಕ್ಕಿ, ಇಲ್ಲದಿದ್ದರೆ ಇಲ್ಲ. ಕಬ್ಬೂ ಅವನದೇ ಕೈಯ ಕೆಲಸ, ಕಾಕಂಬಿಯೂ ಅದರದೇ, ಈ ಪೆಟ್ಟಿಗೆಯಿಂದ ಇಳಿದದ್ದೂ ಅದೇ. ಕೂಲಿ ಅದೇ ದಾರಿಯಲ್ಲಿ ವಾಪಸು ಹೋಗುತ್ತಿತ್ತು” ಎಂದರು. ಹೇಳುತ್ತ ಹಲಗೆಯ ಮೇಲೆ ಅಂಗೈಯಿಟ್ಟಿದ್ದರು. ಸಿಟ್ಟಿನಿಂದಲ್ಲ, ಹಳೆಯ ಎತ್ತಿನ ಬೆನ್ನನ್ನು ತಟ್ಟುವಂತೆ. ಅವರು ಸ್ವತಃ ಕುಡಿಯುವುದಿಲ್ಲವಂತೆ. ರುಚಿ ನೋಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ತಾವು ಸದ್ದು ಕೇಳುವ ಕೆಲಸವನ್ನು ಮಾತ್ರ ಇಟ್ಟುಕೊಂಡಿದ್ದರಂತೆ.

ಮರುದಿನ ಅವರೊಡನೆ ಎನ್ಮೋರಿಗೆ ಹೋದೆವು. ಜಾರ್ಜ್‌ಟೌನಿನಿಂದ ಪೂರ್ವಕ್ಕೆ, ಕಡಲತಡಿಯ ರಸ್ತೆಯಲ್ಲಿ ಹದಿನೈದು ಮೈಲಿಯ ದಾರಿ. ಭಟ್ಟಿಯಿದ್ದ ಜಾಗದಲ್ಲಿ ನೋಡುವಂಥದೇನೂ ಉಳಿದಿಲ್ಲ. ಸಕ್ಕರೆಯ ಕಾರ್ಖಾನೆಯೂ ೨೦೧೭ರ ಕೊನೆಗೆ ಮುಚ್ಚಿತು. ಕಬ್ಬಿನ ದೋಣಿಗಳನ್ನು ಎಳೆಯುತ್ತಿದ್ದ ಕಾಲುವೆಗಳಲ್ಲಿ ಕಮಲದೆಲೆ ತುಂಬಿದೆ. ಅವರು ನಮ್ಮನ್ನು ಕರೆದೊಯ್ದದ್ದು ಒಂದು ಸ್ಮಾರಕದ ಬಳಿಗೆ. ೧೯೪೮ರಲ್ಲಿ, ಕಬ್ಬು ಕಡಿಯುವವನೇ ಅದನ್ನು ಹೊತ್ತು ದೋಣಿಗೆ ತುಂಬಬೇಕೆಂಬ ಕಟ್ಟಳೆಯನ್ನು ಪ್ರತಿಭಟಿಸಿ ಈ ಕರಾವಳಿಯ ಎಸ್ಟೇಟುಗಳ ಕೂಲಿಗಳು ಏಪ್ರಿಲ್ ತಿಂಗಳಿನಿಂದ ಕೆಲಸ ನಿಲ್ಲಿಸಿದ್ದರು. ಅದಕ್ಕೆ ಮೊದಲು ಕಡಿಯುವವನು ಕಡಿದು ಕೆಡವುವುದು, ತುಂಬಲು ಬೇರೆ ಆಳು. ಆ ವರ್ಷದ ಜೂನ್ ೧೬ರಂದು ಎನ್ಮೋರಿನ ಕಾರ್ಖಾನೆಯ ಬಳಿ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಐವರು ಸತ್ತರು. ರಂಬರನ್, ಲಲ್ಲಾಬಗೀ ಕಿಸೂನ್, ಪೂರನ್, ಡೂಖೀ, ಹ್ಯಾರಿ. ಇವರಲ್ಲಿ ಪೂರನನಿಗೆ ಹತ್ತೊಂಬತ್ತು ವರ್ಷ. ಮರುದಿನ ಜನರು ಹೆಣಗಳೊಡನೆ ಇದೇ ರಸ್ತೆಯಲ್ಲಿ ಜಾರ್ಜ್‌ಟೌನಿನವರೆಗೆ ನಡೆದು ಹೋದರು. ಆ ಮೆರವಣಿಗೆಯ ಮುಂದೆ ಇದ್ದ ಚೆಡ್ಡಿ ಜಗನ್ ಮುಂದೆ ದೇಶದ ಅಧ್ಯಕ್ಷರಾದರು. ಅವರೂ ಪೋರ್ಟ್ ಮೊರಾಂಟಿನ ಕಬ್ಬಿನ ಕೂಲಿಯ ಮಗ. ನಡೆದವರಲ್ಲಿ ಆಜಾ ಸಹ ಇದ್ದರು.

“ಅಂದು ಆಜಾ ಕುಡಿದಿರಲಿಲ್ಲವಂತೆ” ಎಂದರು ನಮ್ಮ ಮಾರ್ಗದರ್ಶಿಗಳು. ನಾವು ಏನೂ ಹೇಳಲಿಲ್ಲ. ಸ್ಮಾರಕವನ್ನು ಕಟ್ಟಿದ್ದು ೧೯೭೭ರಲ್ಲಿ. ಎನ್ಮೋರಿನ ಭಟ್ಟಿಯ ಹೆಸರು ಇಂದು ಬೆಲೆಬಾಳುವ ಸೀಸೆಗಳ ಮೇಲೆ ಅಚ್ಚಾಗಿ ಲಂಡನ್ ಪ್ಯಾರಿಸ್ಸುಗಳ ಅಂಗಡಿಗಳಿಗೆ ಹೋಗುತ್ತಿದೆ. ಕೊಳ್ಳುವವರಿಗೆ ಅದೊಂದು ರುಚಿಯ ಹೆಸರು. ಇಲ್ಲಿ ಅದು ಊರಿನ ಹೆಸರು. ಒಂದು ಹುಡುಗ ಸೈಕಲ್ಲನ್ನು ಸ್ಮಾರಕಕ್ಕೆ ಒರಗಿಸಿ ನೆರಳಿನಲ್ಲಿ ಕುಳಿತಿದ್ದನು. ನಮ್ಮವರು ಗದರಿಸಿದರು, ಅವನು ನಗುತ್ತ ಸೈಕಲ್ಲನ್ನು ತೆಗೆದನು.

ಹೊರಡುವ ದಿನ ಅವರು ನಮ್ಮ ವಸತಿಗೆ ಬಂದು ಒಂದು ಕಾಗದದ ಪೊಟ್ಟಣವನ್ನು ಕೊಟ್ಟರು. ಸೀಸೆಯೇನೋ ಎಂದು ನಮ್ಮ ಮನೆಯವರು ಕೈ ಹಿಂದೆಗೆದರು. “ಅಲ್ಲ ದೀದಿ, ನಿಮಗೆ ಅದನ್ನು ಕೊಡುವೆನೇ?” ಎಂದರು. ಭಟ್ಟಿಯ ಹಲಗೆ ಬದಲಾಯಿಸಿದಾಗ ಬಡಗಿ ಎಸೆದಿದ್ದ ಒಂದು ತುಂಡು, ಅಂಗೈಯಷ್ಟು ಅಗಲ, ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಹಸಿರು ಬೆರೆತ ಹಳದಿ. ಅದು ಈಗ ನಮ್ಮ ಮನೆಯಲ್ಲಿದೆ. ಮೂಗಿಗೆ ಹಿಡಿದರೆ ಹಳೆಯ ಬೆಲ್ಲದ ವಾಸನೆ. ಮರ ನೀರಿನಲ್ಲಿ ಮುಳುಗುತ್ತದೆಂದರೆ ಮನೆಗೆ ಬರುವ ಮಕ್ಕಳು ನಂಬುವುದಿಲ್ಲ. ಬಚ್ಚಲಿನ ಹಂಡೆಗೆ ಅದನ್ನು ಹಾಕಿ, ತಳಕ್ಕೆ ಹೋದುದನ್ನು ಬಗ್ಗಿ ನೋಡಿ, ಕೈ ಒದ್ದೆ ಮಾಡಿಕೊಂಡು ಎತ್ತಿ, ಮತ್ತೊಮ್ಮೆ ಹಾಕುತ್ತಾರೆ.